ಸಣ್ಣಗೆ ಕತ್ತರಿಸಿದ ಎಲೆ

“ಹಲೋ… ಯಾರು ಮಾತಾಡ್ತಿರೋದು, ಮಾವನಾ?… ಮಾವ, ನಾನು… ನಾನೇ, ನಿಮ್ಮ ಅಳಿಯ… ಹಾಂ, ಬೇರೆ ನಂಬರು. ಇದು ಕುದುರೆ ಡಾಕ್ಟರಮ್ಮನ ಫೋನು… ಇಲ್ಲ, ನನ್ನ ಫೋನನ್ನ ಕುದುರೆ ತಿಂದಿಲ್ಲ. ನೀರಿನ ತೊಟ್ಟಿಗೆ ಬಿತ್ತು.”

ಮಾವನ ನಗೆ ಬಸ್ಸಿನ ಗಡಗಡ ಸದ್ದಿನ ಜೊತೆ ಬಂದು ಅಳಿಯನ ಕಿವಿಗೆ ಬಡಿಯಿತು. ಮಗಳ ಮನೆಯಲ್ಲಿ ಒಂದು ವಾರ ಇದ್ದು ಅವರು ಬೆಳಿಗ್ಗೆ ತಾನೇ ಬಸ್ಸು ಹತ್ತಿದ್ದರು. ಈಗ ಬಿಸಿಲು ನೆತ್ತಿಗೆ ಬಂದಿತ್ತು. ಅಳಿಯ ಲಾಯದ ಬಾಗಿಲಲ್ಲಿ ನಿಂತಿದ್ದ. ಅಂಗಳದ ನಡುವೆ ಕೆಂಚಿ, ಅವರ ದೊಡ್ಡ ಹೆಣ್ಣು ಕುದುರೆ, ತಲೆಯನ್ನು ನೆಲದವರೆಗೆ ಇಳಿಬಿಟ್ಟು ಬೆವರುತ್ತಿತ್ತು. ಹೆಂಡತಿ ಅದರ ಹಗ್ಗ ಹಿಡಿದಿದ್ದಳು. ಡಾಕ್ಟರಮ್ಮ ಅದರ ಎದೆಗೆ ಸ್ಟೆತಸ್ಕೋಪು ಒತ್ತಿ ಕಣ್ಣು ಮುಚ್ಚಿದ್ದರು. ಮೇವಿನ ಬಾನಿಯ ತಳದಿಂದ ಕೆರೆದು ತೆಗೆದ ಒಂದಿಷ್ಟು ಎಲೆಯ ಚೂರು ಅವರ ಇನ್ನೊಂದು ಅಂಗೈಯಲ್ಲಿತ್ತು.

“ಸೀಟು ಸಿಕ್ತಲ್ಲ?… ಕಿಟಕಿ ಪಕ್ಕನೇ. ಒಳ್ಳೇದಾಯ್ತು… ಊಟಾನಾ? ಹಾಂ, ಆಯ್ತು. ಎಲ್ಲ ಆಯ್ತು.”

ಯಾರಿಗೂ ಆಗಿರಲಿಲ್ಲ.

“ಮಾವ, ಒಂದು ವಿಷಯ. ಬೆಳಿಗ್ಗೆ ಹೊರಡೋ ಮುಂಚೆ ನೀವು ಕುದುರೆಗಳಿಗೆ ಏನಾದ್ರೂ ಹಾಕಿದ್ರಾ?… ಇಲ್ಲ, ಸುಮ್ನೆ ಕೇಳ್ದೆ… ಬೈಯೋಕಲ್ಲ ಮಾವ, ನಾನ್ಯಾವತ್ತು ನಿಮ್ಮನ್ನ ಬೈದಿದೀನಿ?… ಏನೂ ಹಾಕಿಲ್ವಾ? ಲಾಯದ ಕಡೆ ಹೋಗ್ಲೇ ಇಲ್ಲ ಅಂತೀರಾ?”

“ಹೋಗಿರ್ತಾರೆ,” ಎಂದಳು ಹೆಂಡತಿ ಅಲ್ಲಿಂದಲೇ. “ಆ ಚೂರಿನ ಅಂಚು ನೋಡಿದ್ರೆ ಗೊತ್ತಾಗಲ್ವಾ? ಎಲ್ಲ ಒಂದೇ ಅಳತೆ. ಅಪ್ಪನ ಕತ್ತರಿ ಅದು.”

ಮಾವ ಆಯುಸ್ಸೆಲ್ಲ ದರ್ಜಿಯಾಗಿ ದುಡಿದವರು. ಎಲ್ಲಿಗೆ ಹೋದರೂ ಆ ಉದ್ದ ಕತ್ತರಿ ಅವರ ಚೀಲದಲ್ಲೇ. ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು, ಮೂರು ಕುದುರೆ ಕೊಂಡು, ಮಕ್ಕಳಿಗೆ ಸವಾರಿ ಕಲಿಸಲು ಕೂತ ಅಳಿಯನ ಬಗ್ಗೆ ಅವರಿಗಿದ್ದ ಅಭಿಪ್ರಾಯ ನೆಂಟರಿಗೆಲ್ಲ ಗೊತ್ತು. ಓದಿದವನು ಅಂತ ಕೊಟ್ಟೆ, ಲದ್ದಿ ಬಾಚುತ್ತಿದ್ದಾನೆ ಎಂದು ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಅಳಿಯ ಎರಡು ಎಲೆ ಆಚೆ ಕೂತು ಕೇಳಿಸಿಕೊಳ್ಳುತ್ತಿದ್ದ.

“ಮಾವ, ಇಲ್ಲಿ ಕೇಳಿ. ಬಾನೀಲಿ ಎಲೆ ಚೂರು ಸಿಕ್ಕಿದೆ. ಸಣ್ಣಗೆ ಕತ್ತರಿಸಿದ್ದು… ಹಾಂ… ಹೇಳಿ, ಪರವಾಗಿಲ್ಲ… ಹಾಂ, ಹೋಗೋ ದಿನ ಬಾಯಿ ಸಿಹಿ ಮಾಡೋಣ ಅಂತ. ಸರಿ. ತಪ್ಪೇನಿಲ್ಲ. ಆದ್ರೆ ಯಾವ ಎಲೆ?… ಹುಲ್ಲು ಬಿಡಿ, ಹುಲ್ಲಿನ ಜೊತೆ ಬೇರೆ ಏನಿತ್ತು?”

ಡಾಕ್ಟರಮ್ಮ ಕಣ್ಣು ತೆರೆದು ಅವನತ್ತ ನೋಡಿದರು.

“ಗೇಟಿನ ಹೊರಗಿಂದಾ? ರಸ್ತೆ ಪಕ್ಕದ್ದು?… ಗುಲಾಬಿ ಬಣ್ಣದ ಹೂವು… ಉದ್ದ ಎಲೆ, ದಪ್ಪಗೆ, ಚರ್ಮದ ಥರ… ಕೊಂಬೆ ಗೇಟಿಗೆ ಅಡ್ಡ ಬರ್ತಿತ್ತು, ಕತ್ತರಿಸಿ ಸಾಲು ಮಾಡಿದ್ರಿ. ಹಾಂ, ನೋಡಿದ್ನಲ್ಲ, ಚೆನ್ನಾಗಿ ಮಾಡಿದ್ರಿ. ಕತ್ತರಿಸಿದ್ದನ್ನ ಬಿಸಾಕಿದ್ರಿ ಅಂದ್ಕೊಂಡಿದ್ದೆ… ತಗಡಿನ ಮೇಲಾ?”

“ಕಣಗಿಲೆ,” ಎಂದರು ಡಾಕ್ಟರಮ್ಮ. “ಒಣಗಿಸಿದ್ರಾ ಕೇಳಿ. ಹಸಿ ಕಹಿ ಇರುತ್ತೆ, ಬಾಯಿಗೇ ಹಾಕಲ್ಲ.”

“ಒಣಗಿಸಿದ್ರಾ ಮಾವ?… ಬಂದ ಮಾರನೇ ದಿನದಿಂದ. ತಗಡಿನ ಮೇಲೆ ಗರಿಗರಿ ಆಯ್ತು, ಹಾಂ… ಆಮೇಲೆ ಕತ್ತರಿಯಿಂದ… ಕಡ್ಡಿ ಬಾಯಿಗೆ ಚುಚ್ಚಬಾರದು ಅಂತ. ಬೂಸಾ. ಸಕ್ಕರೆ ನೀರು… ಕೈಯಲ್ಲೇ ಕಲಸಿದ್ರಿ. ಹಾಂ.”

ಕುದುರೆಯ ತುಟಿ ಬೆರಳಿದ್ದ ಹಾಗೆ. ಹುಲ್ಲಿನ ನಡುವಿನ ಮುಳ್ಳು, ಕಲ್ಲು, ಒಲ್ಲದ ಎಲೆ, ಎಲ್ಲವನ್ನೂ ಆರಿಸಿ ಪಕ್ಕಕ್ಕೆ ತಳ್ಳುತ್ತದೆ. ಇಡೀ ಕೊಂಬೆಯನ್ನೇ ಎಸೆದಿದ್ದರೆ ಮೂಸಿ ಬಿಡುತ್ತಿತ್ತು. ಅಂಗಿಯ ಗುಂಡಿಯಷ್ಟು ಸಣ್ಣಗೆ ಕತ್ತರಿಸಿ, ಬೂಸಾದಲ್ಲಿ ಕಲಸಿ, ಸಕ್ಕರೆ ಅಂಟಿಸಿ ಇಟ್ಟರೆ ಯಾವ ತುಟಿ ತಾನೇ ಏನು ಆರಿಸೀತು? ಅಷ್ಟು ಅಚ್ಚುಕಟ್ಟಾಗಿ ಮಾಡುವವರು ನೆಂಟರಿಷ್ಟರಲ್ಲೇ ಅವರೊಬ್ಬರು.

“ಇಲ್ಲ ಮಾವ, ಉಪವಾಸ ಕೆಡವಿರಲಿಲ್ಲ. ಅವತ್ತೇ ಹೇಳಿದ್ನಲ್ಲ…”

ಬಂದ ದಿನ ಸಂಜೆಯೇ ಮಾವ ಬೇಲಿಯ ಹತ್ತಿರ ನಿಂತುಬಿಟ್ಟಿದ್ದರು. ಈಚೆ ಬೋಳು ಮಣ್ಣಿನಲ್ಲಿ ಮೂರು ಕುದುರೆ. ಆಚೆ ಮೊಣಕಾಲುದ್ದ ಎಳೆ ಹುಲ್ಲು, ಅದಕ್ಕೆ ಅಡ್ಡ ತಂತಿ. ಆ ಹುಲ್ಲಲ್ಲಿ ಸಕ್ಕರೆಯ ಅಂಶ ಜಾಸ್ತಿ, ಹೋದ ಮಳೆಗಾಲದಲ್ಲಿ ಅದನ್ನು ಹೊಟ್ಟೆ ತುಂಬ ಮೇದು ಕೆಂಚಿಯ ಗೊರಸು ಒಳಗೇ ಊದಿ ಹೆಜ್ಜೆ ಇಡಲಾಗದೆ ನಿಂತಿತ್ತು, ಹುಲ್ಲು ಬಲಿಯುವವರೆಗೆ ಆ ಕಡೆ ಬಿಡುವ ಹಾಗಿಲ್ಲ ಎಂದು ಅಳಿಯ ಬಿಡಿಸಿ ಹೇಳಿದ್ದ. ನೀರಲ್ಲಿ ನೆನೆಸಿ ತೆಗೆದ ಒಣಹುಲ್ಲನ್ನು ಬಲೆಯಲ್ಲಿ ತುಂಬಿ ಅಂಗಳದ ಸುತ್ತ ಅಲ್ಲಲ್ಲಿ ಕಟ್ಟಿದ್ದನ್ನೂ ತೋರಿಸಿದ್ದ; ಬಯಲಲ್ಲಿ ಮೇಯುವಂತೆ ನಡೆದು ನಡೆದು ತಿನ್ನಲಿ ಎಂದು. ಮಾವ ಎಲ್ಲ ಕೇಳಿಸಿಕೊಂಡು, ಮಗು ದಪ್ಪಗಾಯಿತು ಅಂತ ಯಾರಾದರೂ ಅಡುಗೆಮನೆಗೆ ಬೀಗ ಹಾಕುತ್ತಾರಾ ಎಂದು ಕೇಳಿದ್ದರು. ಅಳಿಯನೂ ನಕ್ಕಿದ್ದ.

“ಯಾವ್ಯಾವುದು ತಿಂದಿದೆ ಕೇಳಿ,” ಎಂದರು ಡಾಕ್ಟರಮ್ಮ. ಉಳಿದೆರಡು ಕುದುರೆ, ಗುಂಡ ಮತ್ತು ಬಿಳಿಯ, ನೆರಳಲ್ಲಿ ನಿಂತು ಬಾಲದಿಂದ ನೊಣ ಓಡಿಸಿಕೊಳ್ಳುತ್ತಿದ್ದವು, ಏನೂ ಆಗದವರ ಹಾಗೆ. “ಬೇಗ ಕೇಳಿ. ನನ್ನ ಹತ್ರ ಇರೋ ಇದ್ದಿಲ ಪುಡಿ ಎರಡಕ್ಕೆ ಸಾಕಾಗುತ್ತೆ, ಅಷ್ಟೇ. ವಿಷ ಹೀರೋಕೆ ಅದೊಂದೇ ಇರೋದು. ಪೇಟೆಯಿಂದ ತರಿಸೋ ಹೊತ್ತಿಗೆ ಸಂಜೆ ಆಗುತ್ತೆ.”

“ಮಾವ, ಇದು ಮುಖ್ಯ. ಸರಿಯಾಗಿ ನೆನಪು ಮಾಡ್ಕೊಳ್ಳಿ. ಕೆಂಚಿ ಒಂದಕ್ಕೇ ಹಾಕಿದ್ರಾ?… ಕೆಂಪಗಿರೋದು, ದೊಡ್ಡದು… ಹಾಂ ಅದೇ. ಅದೊಂದಕ್ಕೇನಾ?… ಉಳಿದವಕ್ಕೆ?… ಏನು?… ಬಸ್ಸಿನ ಸದ್ದು, ಇನ್ನೊಂದ್ಸಲ ಹೇಳಿ… ಮೂರಕ್ಕೂ.”

ಅವನು ಡಾಕ್ಟರಮ್ಮನಿಗೆ ಮೂರು ಬೆರಳು ತೋರಿಸಿದ.

“ಸಮಪಾಲು. ಹಾಂ. ಯಾರಿಗೂ ಮೋಸ ಮಾಡಿಲ್ಲ ನೀವು… ಕೆಂಚಿಗೆ ಒಂದು ಬೊಗಸೆ ಜಾಸ್ತಿ. ಅದನ್ನೇ ಅಲ್ವಾ ಹುಲ್ಲಿಂದ ದೂರ ಇಟ್ಟಿರೋದು, ಅದಕ್ಕೆ… ಹಾಂ… ಮಿಗಿಸಲಿಲ್ವಾ ಒಂಚೂರೂ?… ನೆಕ್ಕಿದ್ವಾ.”

ಮಾವ ಈಗ ಖುಷಿಯಾಗಿ ಮಾತಾಡುತ್ತಿದ್ದರು. ಬೈಗುಳ ಬೀಳಲಿಲ್ಲ ಎಂಬ ಸಮಾಧಾನಕ್ಕೆ ನಾಲಿಗೆ ಸಡಿಲವಾಗಿತ್ತು. ಗುಂಡ ತಮ್ಮ ಜೇಬು ಮೂಸಿದ್ದು, ಬಾನಿಯನ್ನೇ ಬಿಳಿಯ ಮಗುಚಿದ್ದು, ಎಲ್ಲ ಹೇಳಿದರು. ಆಮೇಲೆ ಇನ್ನೇನೋ ಹೇಳಿದರು.

“ಏನಂದ್ರಿ?… ಇಲ್ಲ, ಕೇಳಿಸ್ತು. ಕೇಳಿಸ್ತು ಮಾವ. ಚೆನ್ನಾಗಿ ಸಾಕಿದೀನಿ ಅಂದ್ರಿ.”

ಮದುವೆಯಾದಾಗಿನಿಂದ ಅವನು ಕಾದಿದ್ದ ಮಾತು ಅದು. ಬರಬಾರದ ಹೊತ್ತು ನೋಡಿಕೊಂಡು ಬಂತು.

ಡಾಕ್ಟರಮ್ಮ ಕೆಂಚಿಯ ಎದೆಯಿಂದ ಸ್ಟೆತಸ್ಕೋಪು ತೆಗೆದು ಕತ್ತಿಗೆ ಹಾಕಿಕೊಂಡರು. ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ, ಬಕೆಟ್ಟು, ಪುಡಿಯ ಪೊಟ್ಟಣ ಎತ್ತಿಕೊಂಡು ಕೆಂಚಿಯನ್ನು ದಾಟಿ ಗುಂಡನ ಕಡೆಗೆ ನಡೆದರು.

“ಇದಕ್ಕೆ?” ಎಂದಳು ಹೆಂಡತಿ.

ಡಾಕ್ಟರಮ್ಮ ತಿರುಗಲಿಲ್ಲ. “ಅವೆರಡರಲ್ಲಿ ಇನ್ನೂ ರಕ್ತಕ್ಕೆ ಇಳಿದಿಲ್ಲ. ಇದರ ಎದೆ ಆಗಲೇ ತಪ್ಪಿ ತಪ್ಪಿ ಬಡೀತಿದೆ. ನೀವು ಹಗ್ಗ ಬಿಟ್ಟು ದೂರ ನಿಲ್ಲಿ, ಬಿದ್ರೆ ಮೇಲೇ ಬೀಳುತ್ತೆ.”

ಹೆಂಡತಿ ಹಗ್ಗ ಬಿಡಲಿಲ್ಲ.

“ಹಾಂ ಮಾವ, ಇದೀನಿ… ಇಲ್ಲ, ಏನೋ ನೋಡ್ತಿದ್ದೆ… ಮುಂದಿನ ಸಲ ಬಂದಾಗ? ಏನು ಹೊಲೀತೀರಿ?… ಚಳಿಗೆ ಹೊದಿಕೆ. ಮೂರಕ್ಕೂ. ಅಳತೆ ತಗೊಂಡಿದೀರಾ…”

ಇನ್ನು ಸುಮ್ಮನಿರುವುದು ಅವನಿಂದಾಗಲಿಲ್ಲ. ಹೇಳದೆ ಇದ್ದರೂ ನಾಳೆ ತಿಳಿಯುತ್ತದೆ, ಬೇರೆ ಯಾರ ಬಾಯಿಂದಲೋ ತಿಳಿಯುತ್ತದೆ ಎಂದು ಅವನಿಗೆ ಅನ್ನಿಸಿತೋ, ಅಥವಾ ಈ ಭಾರವನ್ನು ಒಬ್ಬನೇ ಹೊರಲಾರೆ ಅನ್ನಿಸಿತೋ. ಎರಡನೆಯದೇ ಇರಬೇಕು.

“ಮಾವ, ಅದು ವಿಷದ ಗಿಡ.”

ಬಸ್ಸಿನ ಗಡಗಡ. ಯಾರೋ ಕೆಮ್ಮಿದರು.

“ನೀವು ಕತ್ತರಿಸಿದ್ದು. ಆ ಹೂವಿನ ಗಿಡ… ಹೌದು, ರಸ್ತೆ ಪಕ್ಕ ಎಲ್ಲ ಕಡೆ ನೆಟ್ಟಿರ್ತಾರೆ. ದನ ತಿನ್ನಲ್ಲ ಅಂತಾನೇ ನೆಡೋದು… ಒಂದು ಹಿಡಿ ಸಾಕು ಮಾವ, ಕುದುರೆಗೆ… ಕೆಂಚಿಗೆ ಶುರು ಆಗಿದೆ… ಬೆವರ್ತಿದೆ. ಭೇದಿ. ಕಾಲು ತಣ್ಣಗಾಗಿದೆ… ವಾಂತಿನಾ? ಇಲ್ಲ. ಕುದುರೆಗೆ ವಾಂತಿ ಆಗಲ್ಲ ಮಾವ. ಒಳಗೆ ಹೋದದ್ದು ಮೇಲೆ ಬರೋಕೆ ಅದಕ್ಕೆ ದಾರಿನೇ ಇಲ್ಲ.”

ಮಾವ ತಮಗೆ ಗೊತ್ತಿದ್ದ ಮದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು.

“ಉಪ್ಪು ನೀರು ಕುಡಿಸಿದ್ರೂ ಇಲ್ಲ… ಹಾಲು? ಹಾಲಿಂದ ಏನಾಗುತ್ತೆ… ಡಾಕ್ಟರಮ್ಮ ಇದಾರಲ್ಲ, ಅವರಿಗೆ ಗೊತ್ತಿರೋದನ್ನ ಮಾಡ್ತಿದಾರೆ… ಇಂಜೆಕ್ಷನ್ ಕೊಟ್ರು… ಹಾಂ, ಅದಕ್ಕೂ ಕೊಟ್ರು… ಎಣ್ಣೆ ಬೇಡ ಮಾವ. ಏನೂ ಹೇಳ್ಬೇಡಿ. ದಯವಿಟ್ಟು ಒಂದು ನಿಮಿಷ ಏನೂ ಹೇಳ್ಬೇಡಿ.”

ಮಾವ ಅಳುವವರಲ್ಲ. ಅತ್ತೆ ತೀರಿಕೊಂಡ ದಿನವೂ ಬಂದವರಿಗೆ ಕುರ್ಚಿ ಹಾಕುತ್ತಾ ಓಡಾಡಿದವರು. ಏನಾದರೂ ಕೆಲಸ ಕೊಟ್ಟರೆ ಬದುಕಿಕೊಳ್ಳುತ್ತಿದ್ದರು. ಇಲ್ಲಿ ಕೊಡಲು ಯಾವ ಕೆಲಸವೂ ಇರಲಿಲ್ಲ, ಅವರಿಗೂ, ಇವನಿಗೂ.

“ಹಲೋ… ಮಾವ?… ಇದೀರಾ?… ಹಾಂ, ಪಕ್ಕದಲ್ಲೇ ಇದಾಳೆ… ಕೊಡ್ಲಾ?”

ಅವನು ಫೋನನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಕಡೆ ನೋಡಿದ. ಅವಳು ಕೆಂಚಿಯ ಕತ್ತಿಗೆ ಹಣೆ ತಾಗಿಸಿ ನಿಂತಿದ್ದಳು. ತಲೆ ಅಲ್ಲಾಡಿಸಿದಳು.

“ಒಂದು ಮಾತಾಡು,” ಎಂದ.

“ಈಗ ಬಾಯಿ ಬಿಟ್ರೆ ಏನಾದ್ರೂ ಅಂದುಬಿಡ್ತೀನಿ. ಆಮೇಲೆ ಅದು ಹಾಗೇ ಉಳ್ಕೊಳ್ಳುತ್ತೆ. ನೀವೇ ಮಾತಾಡಿ.”

“ಮಾವ, ಅವಳು… ಅವಳ ಕೈಲಿ ಹಗ್ಗ ಇದೆ… ಇಲ್ಲ, ಕೋಪ ಅಲ್ಲ… ನನಗೂ ಕೋಪ ಇಲ್ಲ. ಯಾರ ಮೇಲೆ ಮಾಡ್ಕೊಳ್ಳೋಣ… ಇಳೀತೀರಾ? ಯಾಕೆ?… ಬೇಡ. ಬೇಡ ಮಾವ, ಕೂತ್ಕೊಳ್ಳಿ. ಬಂದು ಏನ್ ಮಾಡ್ತೀರಿ?”

ಅಂದ ಮೇಲೆ ಆ ಮಾತು ಎಷ್ಟು ಚೂಪಾಗಿತ್ತೆಂದು ಅವನಿಗೇ ಕೇಳಿಸಿತು.

“ಹಾಗಲ್ಲ. ನಾನು ಹೇಳಿದ್ದು, ನಾನಿಲ್ಲೇ ಇದೀನಲ್ಲ, ನನ್ನ ಕೈಲೇ ಏನೂ ಆಗ್ತಿಲ್ಲ ಅಂತ… ಈಗ ಎಲ್ಲಿದೀರಿ? ಹೊರಗೆ ಏನು ಕಾಣ್ತಿದೆ?… ಕಲ್ಲು ಗಣಿ ದಾಟ್ತಾ? ಅಯ್ಯೋ, ಅಲ್ಲಿ ನೀರು ತುಂಬಿದ ಗಣಿ ಗುಂಡಿ ಬಿಟ್ರೆ ಏನೂ ಇಲ್ಲ ಮಾವ, ಒಂದು ಅಂಗಡಿ ಇಲ್ಲ, ನೆರಳಿಲ್ಲ. ಈ ಕಡೆ ಬರೋ ಬಸ್ಸು ಸಂಜೆಗೇ. ಬರೀ ಲಾರಿ ಓಡಾಡೋ ರಸ್ತೆ. ಊರು ಮುಟ್ಟಿ, ನಾನೇ ಫೋನ್ ಮಾಡ್ತೀನಿ. ಏನೇ ಆದ್ರೂ ಮಾಡ್ತೀನಿ. ಕೇಳ್ತಿದೆಯಾ?… ಮಾವ, ಕೂತಿದೀರಿ ತಾನೆ?”

ಆಗಲೇ ಕೆಂಚಿಯ ಮುಂಗಾಲು ಮಡಚಿಕೊಂಡವು. ಮೊಣಕಾಲೂರಿ ಒಂದು ಕ್ಷಣ ಹಾಗೇ ಇತ್ತು, ಏಳುವುದೋ ಮಲಗುವುದೋ ತಿಳಿಯದವರಂತೆ. ಆಮೇಲೆ ಇಡೀ ಮೈ ಪಕ್ಕಕ್ಕೆ ಉರುಳಿತು. ಹೆಂಡತಿ ಹಿಂದಕ್ಕೆ ಹಾರಿ, ಹಗ್ಗದ ಜೊತೆಗೇ ಮಣ್ಣಿಗೆ ಕೂತಳು. ಕೆಂಚಿಯ ಹೊಟ್ಟೆ ಎರಡು ಬಾರಿ ಏರಿತು, ಮೂರನೆಯದಕ್ಕೆ ಏರಲಿಲ್ಲ. ಗುಂಡ ಮೂಗಿನಲ್ಲಿ ಕೊಳವೆ ಇದ್ದಂತೆಯೇ ತಲೆ ಎತ್ತಿ ಆ ಕಡೆ ಕಿವಿ ಚಾಚಿತು.

ಅಳಿಯ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡ.

“ಮಾವ… ಹಲೋ… ಹಲೋ, ಮಾವ… ಯಾರು?… ನೀವ್ಯಾರು ಮಾತಾಡ್ತಿರೋದು?… ಕಂಡಕ್ಟರಾ. ಈ ಫೋನಿನವರು ಎಲ್ಲಿ? ವಯಸ್ಸಾದವರು, ಕಿಟಕಿ ಪಕ್ಕ ಕೂತಿದ್ರು… ಸೀಟ್ ಮೇಲೇ ಬಿಟ್ಟಿದಾರಾ? ಅವರು?”

ಕಂಡಕ್ಟರು ನಡೆದದ್ದನ್ನು ಹೇಳಿದ.

“ಇಳಿದ್ರಾ?… ನೀವು ಯಾಕೆ ಬಿಟ್ರಿ?… ಸರಿ, ಬೆಲ್ ಹೊಡೆದ್ರು, ಬಾಗಿಲಲ್ಲಿ ನಿಂತುಬಿಟ್ರು, ನೀವೇನ್ ಮಾಡ್ತೀರಿ… ಹೌದು, ನಮ್ಮ ಮಾವ. ಬಸ್ಸು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ… ಆಗಲ್ಲ. ಗೊತ್ತು, ಜನ ಇದಾರೆ… ಎಷ್ಟು ದೂರ ಬಂದ್ರಿ ಅಲ್ಲಿಂದ?”

ಡಾಕ್ಟರಮ್ಮ ಗುಂಡನದು ಮುಗಿಸಿ ಬಿಳಿಯನ ಹತ್ತಿರ ಹೋಗಿದ್ದರು. ಬಿಳಿಯ ಬೆದರಿ ಹಗ್ಗ ಜಗ್ಗುತ್ತಿತ್ತು. ಅವರೊಬ್ಬರಿಂದ ಹಿಡಿಯಲಾಗದು. ಬನ್ನಿ ಎಂದು ಇವನಿಗೆ ಕೈ ಬೀಸುತ್ತಿದ್ದರು, ಮತ್ತೆ ಮತ್ತೆ. ಹೆಂಡತಿ ಮಣ್ಣಿನಿಂದ ಎದ್ದಿರಲಿಲ್ಲ.

“ಬಂದೆ, ಬಂದೆ ಡಾಕ್ಟರೇ… ನಿಮಗಲ್ಲ ಕಂಡಕ್ಟರ್ರೇ. ಫೋನು ನಿಮ್ಮ ಹತ್ರ ಇರಲಿ, ಆಮೇಲೆ ನೋಡೋಣ. ಒಂದೇ ಒಂದು ಹೇಳಿಬಿಡಿ. ನನಗೆ ಇಲ್ಲಿಂದ ಹೊರಡೋಕಾಗಲ್ಲ, ಯಾರನ್ನಾದ್ರೂ ಕಳಿಸ್ಬೇಕು… ಹಲೋ… ಕೇಳಿಸ್ತಿದೆಯಾ? ಇಳಿದ ಮೇಲೆ ಅವರು ಯಾವ ಕಡೆ ನಡೆದ್ರು? ಅಷ್ಟು ನೋಡಿದ್ರಾ? ರಸ್ತೆ ಹಿಡಿದು ಈ ಕಡೆಗಾ, ಇಲ್ಲಾ ಗಣಿ ಗುಂಡಿ…”