ತುಕ್ಕು ತಂಡದ ಉದ್ಘೋಷಕಿ

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಆಂಪ್ಲಿಫೈಯರ್ ರಿಪೇರಿ ಅಂಗಡಿಯ ಅರ್ಧ ಎಳೆದ ಶಟರಿನ ಕೆಳಗಿಂದ ನೀರು ಒಳಗೆ ಬರತೊಡಗಿದಾಗ, ಕೆಟ್ಟ ಆಂಪ್ಲಿಫೈಯರ್ ರಿಪೇರಿಗೆ ಕೊಟ್ಟು, ಒಯ್ಯಲು ಬಂದು ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಹುಡುಗ ಹುಡುಗಿಯರು ತಮ್ಮ ಗಿಟಾರ್ ಪೆಟ್ಟಿಗೆಗಳನ್ನೆತ್ತಿ ಮೇಜಿನ ಮೇಲಿಟ್ಟರು. ಅವರದೊಂದು ಹೊಸ ಬ್ಯಾಂಡು. ಮೊದಲ ಆಲ್ಬಮ್ಮಿಗೆ ಸ್ಟುಡಿಯೋ ಗೊತ್ತುಮಾಡಿದ್ದೇವೆ ಎಂದು ಅವರು ಹೇಳುತ್ತಿರುವಾಗಲೇ ಕರೆಂಟು ಹೋಯಿತು. ಅಂಗಡಿಯ ತಾತ ಮೇಣದಬತ್ತಿ ಹಚ್ಚಿ ಕೆಟ್ಟ ಸ್ಪೀಕರೊಂದರ ನೆತ್ತಿಯ ಮೇಲೆ ನಿಲ್ಲಿಸಿದ.

“ಯಾವ ಸ್ಟುಡಿಯೋ?”

“ಗುಡ್ಡದ ಮೇಲೆ ಹಳೇ ರೇಡಿಯೋ ಕೇಂದ್ರ ಇದೆಯಲ್ಲ ತಾತ, ಅದು.”

ತಾತ ಬೆಂಕಿಕಡ್ಡಿ ಆರಿಸುವುದನ್ನೇ ಮರೆತ. ಬೆರಳಿಗೆ ಬಿಸಿ ತಾಗಿದ ಮೇಲೆ ಎಸೆದು, ಸ್ಟೂಲು ಎಳೆದುಕೊಂಡು ಕೂತ.

“ಹಾಗಾದ್ರೆ ಕೂತ್ಕೊಳ್ಳಿ. ಮಳೆ ಹೇಗೂ ನಿಲ್ಲಲ್ಲ. ತುಕ್ಕು ತಂಡದ ಕತೆ ಕೇಳ್ಕೊಂಡು ಹೋಗಿ. ದೆವ್ವದ ಕತೆ ಅಂತೀರೋ ಏನಂತೀರೋ… ನಾನಂತೂ ಆಯಮ್ಮನನ್ನ ದೆವ್ವ ಅಂತ ಕರೆದೋನಲ್ಲ. ದೆವ್ವ ಅಂದ್ರೆ ಹೆದರಿಸ್ಬೇಕು, ಅಲ್ವಾ? ಆಯಮ್ಮ ಯಾರನ್ನೂ ಹೆದರಿಸ್ಲಿಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ಲು, ಅಷ್ಟೇ… ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ನಮಗೂ ಹಾಗೇ ಆಯ್ತು.”

ಆಮೇಲೆ ತಾತ ಹೇಳಿದ್ದು ಇದು.

ತುಕ್ಕು ತಂಡದಲ್ಲಿದ್ದವರು ಮೂವರು. ಹಾಡುತ್ತಿದ್ದವನು ಅಣ್ಣ, ಹಗಲು ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಸಂಜೆ ಅದೇ ಗಂಟಲಿನಲ್ಲಿ ಗಾಜು ಪುಡಿಯಾಗುವ ಹಾಗೆ ಕೂಗುತ್ತಿದ್ದ. ಗಿಟಾರು ಅವನ ತಂಗಿಯದು. ಅಪ್ಪ ಅಮ್ಮ ಬೇಗ ಹೋದದ್ದರಿಂದ ಅವಳಿಗೆ ಜಡೆ ಹಾಕಿದವನೂ, ಜ್ವರ ಬಂದರೆ ಪಕ್ಕ ಕೂತವನೂ, ಮೊದಲ ಗಿಟಾರು ಕೊಡಿಸಿದವನೂ ಅಣ್ಣನೇ. ಡ್ರಮ್ಸ್ ಬಾರಿಸುವವನು ಬೇಕರಿಯ ವ್ಯಾನು ಓಡಿಸುತ್ತಿದ್ದ. ಆಳು ನೋಡಿದರೆ ಹೆದರಬೇಕು, ಮಾತು ಕೇಳಿದರೆ ನಗಬೇಕು, ಎಲ್ಲರೂ ಕರಡಿ ಎಂದೇ ಕರೆಯುತ್ತಿದ್ದರು. ಊರಿನ ಸಣ್ಣ ಪುಟ್ಟ ಹಾಲುಗಳಲ್ಲಿ, ಕಾಲೇಜಿನ ಅಂಗಳಗಳಲ್ಲಿ ಬಾರಿಸಿ ಬಾರಿಸಿ, ಕಡೆಗೆ ಒಂದು ಕ್ಯಾಸೆಟ್ ಕಂಪನಿಯವರು ಹೂಂ ಅಂದಾಗ, ಅವರು ಗುಡ್ಡ ಹತ್ತಿ ಹಳೇ ರೇಡಿಯೋ ಕೇಂದ್ರಕ್ಕೆ ಬಂದರು. ತಾತ ಆಗಿನ್ನೂ ತಾತನಾಗಿರಲಿಲ್ಲ. ಮುಚ್ಚಿಹೋದ ಆ ಕೇಂದ್ರದ ಯಂತ್ರಗಳನ್ನು ಕೊಂಡು, ಒರೆಸಿ, ಎಣ್ಣೆ ಬಿಟ್ಟು, ಅಲ್ಲೇ ರೆಕಾರ್ಡಿಂಗ್ ಶುರುಮಾಡಿದ್ದ.

ಗೋಡೆಗೆ ಹೊದಿಸಿದ್ದ ಸೆಣಬಿನ ಬಟ್ಟೆ ಅಲ್ಲಲ್ಲಿ ಕಿತ್ತು ಬಂದಿತ್ತು. ಗಾಜಿನ ಆಚೆ ಯಂತ್ರಗಳ ಕೋಣೆ, ಈಚೆ ಹಾಡುವ ಕೋಣೆ, ಮೂಲೆಯಲ್ಲಿ ಉದ್ಘೋಷಕರ ಸಣ್ಣ ಬೂತು. ಬೂತಿನ ಬಾಗಿಲ ಮೇಲಿದ್ದ ಕೆಂಪು ದೀಪದ ತಂತಿಯನ್ನು ಯಾರೋ ಎಂದೋ ಕತ್ತರಿಸಿದ್ದರು.

ಮೊದಲ ಹಾಡು ಮುಗಿಸಿ ಟೇಪು ಹಿಂದಕ್ಕೆ ಸುತ್ತಿ ಹಾಕಿದಾಗ, ಗಿಟಾರು ಏಳುವ ಮೊದಲಿನ ಖಾಲಿ ಜಾಗದಲ್ಲಿ ಒಂದು ಹೆಣ್ಣು ದನಿ ಬಂತು. ಮೆತ್ತಗಿನ, ನಿಧಾನದ, ಒಂದೊಂದು ಅಕ್ಷರಕ್ಕೂ ಇಸ್ತ್ರಿ ಹಾಕಿದಂಥ ದನಿ.

“ಈಗ ಕೇಳಿ, ‘ಮೂರನೇ ಶಿಫ್ಟು’. ಪ್ರಸ್ತುತಪಡಿಸುವವರು, ತುಕ್ಕು ತಂಡ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಕರಡಿಯ ಕಡೆ ತಿರುಗಿದಳು.

“ನಿನ್ನ ಕಿತಾಪತಿ ತಾನೆ?”

“ನನ್ನ ಗಂಟಲಲ್ಲಿ ಆ ದನಿ ಬಂದಿದ್ರೆ ನಾನ್ಯಾಕೆ ಬನ್ನು ಹಂಚ್ಕೊಂಡು ತಿರುಗ್ತಿದ್ದೆ?”

ಮತ್ತೆ ಹಾಡಿದರು. ಮತ್ತೆ ಬಂತು. ಟೇಪು ಬದಲಿಸಿದರು, ಮೈಕು ಬದಲಿಸಿದರು, ಬೂತಿಗೆ ಬೀಗ ಹಾಕಿದರು. ಹಾಡುವಾಗ ಕೋಣೆಯಲ್ಲಿ ಏನೂ ಕೇಳಿಸದು. ಟೇಪಿನಲ್ಲಿ ಮಾತ್ರ ಆ ದನಿ, ಚೂರೂ ಅವಸರವಿಲ್ಲದೆ.

ಸುದ್ದಿ ಬಿಡಿಸಿ ಹೇಳಿದವನು ಗೇಟಿನ ಮುದಿ ಕಾವಲುಗಾರ. ಆ ದನಿ ಕೇಳಿದ್ದೇ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೇಂದ್ರ ಶುರುವಾದಾಗಿನಿಂದ ಅಲ್ಲಿ ಉದ್ಘೋಷಕಿಯಾಗಿದ್ದವಳು ಆಕೆ. ಮದುವೆ ಮಕ್ಕಳು ಏನೂ ಇಲ್ಲ. ಬೆಳಗ್ಗೆ ಊರನ್ನು ಎಬ್ಬಿಸುವುದು, ಸಂಜೆ ಮಲಗಿಸುವುದು, ಅಷ್ಟೇ ಬದುಕು. ಕೇಂದ್ರ ಮುಚ್ಚುವುದೆಂದು ತೀರ್ಮಾನವಾದಾಗ ಒಬ್ಬೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಎಂದುಕೊಂಡರು. ಆಕೆಗೆ ಯಾರೂ ಹೇಳಲಿಲ್ಲ. ಪ್ರಸಾರ ನಿಂತ ದಿನವೂ ಆಕೆ ಎಂದಿನಂತೆ ಬಂದು, ಬೂತಿನೊಳಗೆ ಕೂತು, ಸಂಜೆಯ ಕಾರ್ಯಕ್ರಮವನ್ನೆಲ್ಲ ಸತ್ತ ಮೈಕಿಗೆ ಓದಿ, ಶುಭರಾತ್ರಿ ಹೇಳಿ, ಛತ್ರಿ ತೆಗೆದುಕೊಂಡು ಹೋದಳು. ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ.

“ಯೋಚನೆ ಮಾಡಿ…” ಎಂದು ತಾತ ಇಲ್ಲಿ ನಿಲ್ಲಿಸಿದ. “ಹೇಳೋ ಕೆಲಸ ಹಾಗೇ ಉಳೀತು, ಕೇಳೋರು ಇಲ್ಲ. ಅಂಥ ಜೀವ ಎಲ್ಲಿಗೆ ಹೋಗ್ಬೇಕು? ಇಷ್ಟು ವರ್ಷ ಆದ್ಮೇಲೆ ಅಲ್ಲಿಗೆ ಹಾಡೋರು ಬಂದ್ರು. ಸುಮ್ನಿರ್ತಾಳಾ?”

ಕಾವಲುಗಾರ ಅಷ್ಟು ಹೇಳಿದ ಮೇಲೆ ಹೆದರಿಕೆ ಹೋಗಿ ಒಂಥರಾ ಸಲಿಗೆ ಬಂತು. ಕರಡಿ ಆಕೆಯನ್ನು ಅತ್ತೆ ಎಂದು ಕರೆಯಲು ಶುರುಮಾಡಿದ. ದಿನಾ ಬೂತಿನ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಬರುತ್ತಿದ್ದ. ಯಾರೂ ಕುಡಿಯುತ್ತಿರಲಿಲ್ಲ. “ಸಕ್ಕರೆ ಕಮ್ಮಿ ಆಯ್ತೇನೋ” ಎಂದು ಮಾರನೆಯ ದಿನ ಇನ್ನೊಂದು ಚಮಚ ಹಾಕುತ್ತಿದ್ದ. ಪ್ರತಿ ಹಾಡಿಗೂ ಮೊದಲು, ಅತ್ತೆ ಮಾತಾಡಲಿ ಎಂದು, ಮೂವರೂ ಉಸಿರು ಬಿಗಿಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಅಣ್ಣ ಹೆಸರಿಡದೆ ಬಿಟ್ಟ ಹಾಡುಗಳಿಗೆ ಅತ್ತೆಯೇ ಹೆಸರಿಡುತ್ತಿದ್ದಳು, ಅವು ಅಣ್ಣನ ಹೆಸರುಗಳಿಗಿಂತ ಚೆನ್ನಾಗಿರುತ್ತಿದ್ದವು. ಸದ್ದು ಗದ್ದಲದ ಆ ಹಾಡುಗಳೂ ಆಕೆ ಹೇಳಿದ ಮೇಲೆ ಮರ್ಯಾದೆಯಾಗಿ ಎದ್ದು ನಿಂತಂತೆ ಕೇಳಿಸುತ್ತಿದ್ದವು.

ಕೊನೆಯದು ನಿಧಾನದ ಹಾಡು. ಅಣ್ಣನಿಗೆ ಕೆಲವು ವಾರಗಳಿಂದ ಗಂಟಲು ಕಟ್ಟುತ್ತಿತ್ತು; ನಡುನಡುವೆ ಕೆಮ್ಮಿ, ನೀರು ಕುಡಿದು, ಹೇಗೋ ಒಮ್ಮೆ ಹಾಡಿ ಮುಗಿಸಿದ. ಅವನೂ ಕರಡಿಯೂ ಗಾಳಿಗೆಂದು ಹೊರಗೆ ಹೋದಾಗ, ತಂಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಕೊನೆಯ ಹಾಡಾದ್ದರಿಂದಲೋ ಏನೋ, ಅತ್ತೆ ಈ ಸಲ ಎಲ್ಲರ ಹೆಸರೂ ಹೇಳಿದಳು.

“ಈಗ ಕೇಳಿ, ‘ಇನ್ನೂ ಸ್ವಲ್ಪ ಹೊತ್ತು’. ಹಾಡಿದವರು, ದಿವಂಗತ…”

ಆಮೇಲೆ ಅಣ್ಣನ ಪೂರ್ತಿ ಹೆಸರು. ತಂಗಿಯ ಹೆಸರು, ಕರಡಿಯ ಹೆಸರು, ಕೊನೆಗೆ ಧ್ವನಿಮುದ್ರಣ ಮಾಡಿದವನದು. ಆ ಪದ ಬೇರೆ ಯಾರ ಹೆಸರಿನ ಹಿಂದೆಯೂ ಇರಲಿಲ್ಲ.

ತಂಗಿ ಟೇಪು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿದಳು. ಗಾಜಿನಾಚೆ ಅಣ್ಣ ಕರಡಿಯ ಭುಜಕ್ಕೆ ಗುದ್ದಿ ಏನೋ ಹೇಳಿ ನಗುತ್ತ ಒಳಗೆ ಬರುತ್ತಿದ್ದ. ಹೇಳಬಾರದೆಂದುಕೊಂಡಳು. ಆದರೆ ಅವಳ ಮುಖ ಓದುವುದು ಅಣ್ಣನಿಗೆ ಅಭ್ಯಾಸವಾಗಿ ಹೋಗಿತ್ತು. ಅವನೇ ಹೆಡ್‌ಫೋನ್ ಕಿತ್ತುಕೊಂಡು ಕೇಳಿದ.

“ಹಾಡು ಉಳಿಯುತ್ತೆ, ಹಾಡಿದೋನು ಹೋಗ್ತಾನೆ. ಅತ್ತೆ ಸ್ವಲ್ಪ ಮುಂಚೆ ಹೇಳಿದಾರೆ, ಅಷ್ಟೇ ಕಣೇ,” ಎಂದ.

“ತಮಾಷೆ ಮಾಡ್ಬೇಡ. ನಾಳೆ ನನ್ ಜೊತೆ ಡಾಕ್ಟ್ರ ಹತ್ರ ಬರ್ತೀಯ.”

“ಗಂಟಲು ಕಟ್ಟಿದ್ದಕ್ಕೆಲ್ಲ…”

“ಬರ್ತೀಯ.”

ಹೋದರು. ಡಾಕ್ಟರು ಕನ್ನಡಿ ಇಳಿಬಿಟ್ಟು ನೋಡಿದವರು, ಇನ್ನೊಬ್ಬ ಡಾಕ್ಟರನ್ನು ಕರೆದರು. ಗಂಟಲಿನ ಒಳಗೆ ಗಡ್ಡೆ ಬೆಳೆದಿತ್ತು. ಕೊಯ್ದು ತೆಗೆಯಬಹುದು, ಇನ್ನೂ ತಡವಾಗಿದ್ದರೆ ಅದೂ ಆಗುತ್ತಿರಲಿಲ್ಲ. ಆದರೆ ಜೀವ ಉಳಿಯುತ್ತದೆಂಬ ಭರವಸೆ ಕೊಡಲಾರೆವು, ಉಳಿದರೂ ಹಾಡುವ ದನಿ ಉಳಿಯದು ಎಂದರು. ಮನೆ ಬಾಗಿಲಲ್ಲಿ ನಿಂತು ಅಣ್ಣ, “ಕೊನೇ ಹಾಡು ಸರಿಯಾಗಿ ಬಂದಿಲ್ಲ. ಆಪರೇಷನ್‌ಗೆ ಮುಂಚೆ ಇನ್ನೊಂದು ಸಲ ಹಾಡ್ತೀನಿ,” ಎಂದಷ್ಟೇ ಹೇಳಿದ.

ತಂಗಿಗೆ ಆ ಹಾಡೇ ಬೇಡವೆನಿಸಿತ್ತು. ಹಾಡದಿದ್ದರೆ ಅತ್ತೆಗೆ ಹೇಳಲು ಏನಿರುತ್ತದೆ? ಆದರೆ ಹುಟ್ಟಿದಾಗಿನಿಂದ ತನಗಾಗಿ ಏನೂ ಕೇಳದ ಅಣ್ಣ ಇದೊಂದು ಕೇಳುತ್ತಿದ್ದ. ಬೇಡವೆನ್ನಲು ಬಾಯಿ ಬರಲಿಲ್ಲ. ಹಾಡುವ ದಿನ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲೇ ಗುಡ್ಡ ಹತ್ತಿ, ಬೀಗ ತೆಗೆಸಿ, ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರಗಳ ಕೋಣೆಯಲ್ಲಿದ್ದ ತಾತ ಗಾಜಿನಿಂದ ನೋಡಿದ; ಒಳಗೆ ಆಡಿದ ಮಾತನ್ನು ಆಮೇಲೆ ಅವಳೇ ಅವನಿಗೆ ಹೇಳಿದಳು. ಸುತ್ತುವ ಕುರ್ಚಿಯನ್ನು ಅವಳು ಖಾಲಿ ಬಿಟ್ಟಿದ್ದಳು. ತಾನು ನೆಲದ ಮೇಲೆ, ಕುರ್ಚಿಯ ಕಾಲ ಹತ್ತಿರ ಕೂತಿದ್ದಳು, ಮನೆಯ ಹಿರಿಯರ ಮುಂದೆ ಕೂರುವ ಹಾಗೆ.

“ಅತ್ತೆ, ನಿಮಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಆ ಕೊನೇ ಸಂಜೆ ನೀವು ಓದಿದ್ದು ಯಾರಿಗೂ ಕೇಳಿಸ್ಲಿಲ್ಲ. ಪ್ರಸಾರ ನಿಂತುಹೋಗಿತ್ತು. ಅವರು ಮಾಡಿದ್ದು ತಪ್ಪು… ನಿಮಗೆ ಹೇಳ್ಬೇಕಿತ್ತು.”

ಖಾಲಿ ಕುರ್ಚಿಯ ಕಡೆ ಮುಖವೆತ್ತಿ ಮತ್ತೆ ಹೇಳಿದಳು.

“ನಾವು ಕೇಳಿಸ್ಕೊಂಡಿದೀವಿ. ಕ್ಯಾಸೆಟ್ಟು ಬಂದ್ಮೇಲೆ ಊರೆಲ್ಲ ಕೇಳಿಸ್ಕೊಳ್ಳುತ್ತೆ. ನಿಮ್ಮ ಕೈಲಿ ಸುಳ್ಳು ಓದ್ಸಲ್ಲ ಅತ್ತೆ. ಒಂದೇ ಕೇಳ್ತೀನಿ. ಇವತ್ತಿನದನ್ನ ಇವತ್ತು ಓದಿ. ನಾಳೆದನ್ನ… ನಾಳೆ ಬಂದಾಗ ಓದಿ.”

ಕುರ್ಚಿ ಅಲ್ಲಾಡಲಿಲ್ಲ, ಗಾಳಿ ಬೀಸಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪ ಮಾತ್ರ ಹತ್ತಿಕೊಂಡಿತು. ತುಂಡಾದ ಅದರ ತಂತಿ ಗೋಡೆಯ ಮೇಲೆ ಇದ್ದ ಹಾಗೇ ನೇತಾಡುತ್ತಿತ್ತು.

ಅಣ್ಣ ಬಂದ, ಹಾಡಿದ. ಆ ದಿನ ಅವನು ಕೂಗಲಿಲ್ಲ. ಮಲಗಲು ಒಲ್ಲದ ಮಗುವಿನ ಪಕ್ಕ ಕೂತು ಹಾಡುವವನ ಹಾಗೆ ಹಾಡಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲು ಒಡೆದು ದನಿ ಎರಡಾಯಿತು, ಅವನು ನಿಲ್ಲಿಸಲಿಲ್ಲ. ಕರಡಿ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದ. ಟೇಪು ಹಾಕಿ ಕೇಳಿದಾಗ, “ಹಾಡಿದವರು…” ಎಂದ ಅತ್ತೆ ಅಲ್ಲೇ ನಿಂತಳು. ಅಷ್ಟು ವರ್ಷ ಒಂದು ಅಕ್ಷರಕ್ಕೂ ತಡವರಿಸದವಳು, ಒಂದು ಉಸಿರು ಎಳೆದುಕೊಂಡು, ಸುಮ್ಮನಿದ್ದು, ಆಮೇಲೆ ಬರೀ ಹೆಸರನ್ನು ಓದಿದಳು.

ಅಣ್ಣ ಬದುಕಿದ. ದನಿ ಹೋಯಿತು, ಪಿಸುಮಾತು ಉಳಿಯಿತು.

ಕ್ಯಾಸೆಟ್ಟು ಬಂತು. ಕಂಪನಿಯವನು ಹೆಂಗಸಿನ ದನಿ ಕತ್ತರಿಸಿ ಎಂದಿದ್ದ. ಕತ್ತರಿಸಿ ಪ್ರತಿ ಮಾಡಿದಾಗ ಅದು ಮತ್ತೆ ಅಲ್ಲೇ ಇತ್ತು, ಅವನೂ ಬೇಸತ್ತು ಬಿಟ್ಟುಬಿಟ್ಟ. ಮೊದಲಿಗೆ ಯಾರೂ ಮೂಸಿ ನೋಡಲಿಲ್ಲ. ಪತ್ರಿಕೆಯೊಂದರಲ್ಲಿ, ತಗಡಿನ ಮೇಲೆ ಜಲ್ಲಿ ಸುರಿದ ಹಾಗಿದೆ, ಹೆಸರಿಗೆ ತಕ್ಕ ತುಕ್ಕು ಎಂದು ಬರೆದರು. ಕರಡಿ ಅದನ್ನು ಕತ್ತರಿಸಿ ವ್ಯಾನಿಗೆ ಅಂಟಿಸಿಕೊಂಡ, ಬನ್ನು ಹಂಚುವಾಗಲೆಲ್ಲ ಜೋರಾಗಿ ಕ್ಯಾಸೆಟ್ಟು ಹಾಕಿದ. ಬೇಕರಿ ಅಂಗಡಿಯವರು ಕೇಳಿದರು, ಅಲ್ಲಿಗೆ ಬರುವ ಬಸ್ ಡ್ರೈವರುಗಳು ಕೇಳಿದರು, ಹಾಸ್ಟೆಲಿನ ಹುಡುಗರು ಹುಡುಗಿಯರು ಪ್ರತಿ ಮಾಡಿ ಹಂಚಿದರು. ವರ್ಷ ತುಂಬುವಷ್ಟರಲ್ಲಿ ‘ಇನ್ನೂ ಸ್ವಲ್ಪ ಹೊತ್ತು’ ಗೊತ್ತಿಲ್ಲದವರು ಇರಲಿಲ್ಲ. ನಿಮ್ಮ ತಂಡದ ಉಪಾಯ ಚೆನ್ನಾಗಿದೆ, ಆ ಉದ್ಘೋಷಕಿ ಯಾರು ಎಂದು ಕೇಳಿದವರೇ ಹೆಚ್ಚು. ಹಿಂದೆ ಆಕೆಯ ದನಿಗೆ ಎದ್ದು, ಆಕೆಯ ದನಿಗೆ ಮಲಗಿದ್ದ ಮುದುಕರಿಗೆ ಮಾತ್ರ ಯಾರೆಂದು ಗೊತ್ತಿತ್ತು. ಅವರು ನೇರ ಆಕೆಗೇ ಪತ್ರ ಬರೆದರು. ತಂಗಿ ಅವನ್ನೆಲ್ಲ ಬೂತಿಗೆ ಒಯ್ದು, ನೆಲದ ಮೇಲೆ ಕೂತು, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.

ಅಣ್ಣ ಬಹಳ ಕಾಲ ಇದ್ದ. ಪಿಸುಮಾತಿನಲ್ಲೇ ಗಣಿತ ಹೇಳಿಕೊಟ್ಟ. ಅವನ ತರಗತಿಯಷ್ಟು ಸದ್ದಿಲ್ಲದ ತರಗತಿ ಇಡೀ ಶಾಲೆಯಲ್ಲಿ ಇರಲಿಲ್ಲವಂತೆ. ತಂಗಿ ಹಾಡಿದಳು, ಅವನು ಮುಂದಿನ ಸಾಲಿನಲ್ಲಿ ಕೂತು ತುಟಿ ಆಡಿಸಿದ. ತಲೆ ಪೂರ್ತಿ ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಒರಗಿದ್ದವನು ಹಾಗೇ ಹೋದ.

ತಾತ ಮಾತು ನಿಲ್ಲಿಸಿ ಮೇಣದಬತ್ತಿಯ ಕುಡಿ ಚಿವುಟಿದ. ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಅಲ್ಲಿಗೆ ಮುಗೀತಾ ತಾತ?”

“ಮುಗಿಯೋದಾ… ಅವನು ಹೋದ ದಿನ, ಮಣ್ಣು ಮಾಡಿ ಇನ್ನೂ ಮನೆಗೆ ಬಂದಿಲ್ಲ, ಕ್ಯಾಸೆಟ್ ಅಂಗಡಿಯೋನು ಓಡಿ ಬಂದ. ‘ಯಜಮಾನ್ರೇ, ಒಂದ್ಸಲ ಬಂದು ಕೇಳಿ’ ಅಂದ. ಕೇಳಿದೆ. ‘ಹಾಡಿದವರು, ದಿವಂಗತ’ ಅಂತಿದ್ಲು ಅತ್ತೆ. ಹಿಂದಿನ ದಿನದವರೆಗೆ ಇರಲಿಲ್ಲ ಆ ಪದ. ಅವನ ಅಂಗಡೀದು ಮಾತ್ರ ಅಲ್ಲ, ನನ್ನ ಹತ್ರ ಇದ್ದದ್ದೂ ಹಾಗೇ, ಬಸ್ಸಿನೋರ ಹತ್ರ ಇದ್ದದ್ದೂ ಹಾಗೇ. ಇವತ್ತಿನದನ್ನ ಇವತ್ತು ಓದಿ ಅಂತ ತಂಗಿ ಕೇಳ್ಕೊಂಡಿದ್ಲಲ್ಲ… ಆಯಮ್ಮ ಮಾತು ತಪ್ಪೋಳಲ್ಲ. ಕರಡಿ ಹೋದಾಗ ಅವನ ಹೆಸರಿಗೂ ಸೇರ್ತು. ನಿಮ್ಮ ಯಾರ ಮನೇಲಾದ್ರೂ ಆ ಕ್ಯಾಸೆಟ್ಟು ಇದ್ರೆ ಹಾಕಿ ನೋಡಿ, ನಾನು ಸುಳ್ಳು ಹೇಳ್ತಿದ್ರೆ ಕೇಳಿ.”

“ತಂಗಿ ಇದಾರಾ ತಾತ?”

“ಇದಾಳೆ. ಗಟ್ಟಿಯಾಗಿದಾಳೆ. ದಿನಾ ಮಧ್ಯಾಹ್ನ ಫೋನ್ ಮಾಡಿ, ‘ಕ್ಯಾಸೆಟ್ಟು ಹಾಕಿದ್ಯಾ, ನಂದು ಹೇಗಿದೆ’ ಅಂತ ಕೇಳಿ ನಗ್ತಾಳೆ. ಇವತ್ತೂ ಮಾಡಿದ್ಲು, ಮಳೆ ಹಿಡಿಯೋಕೆ ಸ್ವಲ್ಪ ಮುಂಚೆ. ನಿಂದು ಚೆನ್ನಾಗಿದೆ ಕಣಮ್ಮ ಅಂದೆ. ಅವಳ ಹೆಸರು ನೀಟಾಗಿ ಓದಿದ್ಲು ಅತ್ತೆ…”

ತಾತ ಎದ್ದು, ಶಟರಿನ ಸಂದಿಯಿಂದ ಹೊರಗೆ ನೋಡುತ್ತ ನಿಂತ.

“ಕೊನೇಲಿ ಧ್ವನಿಮುದ್ರಣ ಅಂತ ನನ್ನ ಹೆಸರು ಬರುತ್ತೆ. ಇಷ್ಟು ವರ್ಷ ಗಡಿಬಿಡಿ ಇಲ್ಲದೆ ಓದ್ತಿದ್ಲು. ಇವತ್ತು… ಅಲ್ಲಿ ಬಂದು, ಅವತ್ತು ಅಣ್ಣನ ಹೆಸರಿನ ಹತ್ರ ನಿಂತ ಹಾಗೇ, ಒಂದು ಉಸಿರು ಎಳ್ಕೊಂಡ್ಲು. ಹಳೇ ಕ್ಯಾಸೆಟ್ಟು, ಟೇಪು ಸಡಿಲ ಆಗಿರ್ಬಹುದು.” ಅವನು ಹುಡುಗರ ಕಡೆ ತಿರುಗಿ, ಅವರ ಆಂಪ್ಲಿಫೈಯರನ್ನು ಮೆಲ್ಲಗೆ ಅವರತ್ತ ಸರಿಸಿದ. “ರಿಪೇರಿ ಮುಗ್ದಿದೆ. ಮಳೆ ನಿಲ್ಲಲಿ ಅಂತ ಕಾಯ್ಬೇಡಿ, ಇವತ್ತೇ ತಗೊಂಡು ಹೋಗಿ.”