ಕಾಯ್ಕಿಣಿಯಲ್ಲಿ ನನ್ನ ಗಂಡ ಬ್ರೇಕ್ ಒತ್ತಿದ್ದು ಯಾಕೆ

ನನ್ನ ಹೆಸರು ಮಾಸ್ತಮ್ಮ ಕೋಂ ಭಾಸ್ಕರ ಮೊಗೇರ, ಪ್ರಾಯ 64 ವರ್ಷ, ಕಸುಬು ಮೀನು ವ್ಯಾಪಾರ, ವಾಸ ತೆಂಗಿನಗುಂಡಿ, ತಾಲೂಕು ಭಟ್ಕಳ. ಠಾಣೆಯಲ್ಲಿ ಸಾಹೇಬರೆದುರು ಹೇಳಿ ಬರೆಸುವುದೇನೆಂದರೆ,

ನನ್ನ ಗಂಡನಿಗೆ 71 ವರ್ಷ. ಮೊದಲು ದೋಣಿ ನಡೆಸುವ ತಾಂಡೇಲರಾಗಿದ್ದರು, ಈಗ ನಮ್ಮ ಓಮ್ನಿಯಲ್ಲಿ ಮೀನು ಸಾಗಿಸುತ್ತಾರೆ. ಕತ್ತಲಾದ ಮೇಲೆ ಕೀ ಮುಟ್ಟುವುದಿಲ್ಲ. ಮಳೆ ಜೋರಾದರೆ ಗಾಡಿ ಬದಿಗೆ ಹಾಕುತ್ತಾರೆ. ಎರಡು ವರ್ಷದಿಂದ ಕತ್ತು ಎಡಕ್ಕೆ ಸರಿಯಾಗಿ ತಿರುಗುವುದಿಲ್ಲವಾದ್ದರಿಂದ ನಾನು ಎಡಗಡೆ ಸೀಟಿನಲ್ಲಿ ಕೂತು ದಾರಿ ಕೂಗುತ್ತೇನೆ. ಹೊಳೆ ಸಮುದ್ರ ಸೇರುವ ಅಳಿವೆ ದಾಟುವಾಗ ದೋಣಿಯ ಮುಂದೆ ನಿಂತವನು ಮರಳದಿಬ್ಬ ನೋಡಿ ಕೂಗುತ್ತಾನಲ್ಲ, ಹಾಗೆಯೇ. ಕೂಗಿದ ಕೂಡಲೇ ಹಾಗೆಯೇ ಮಾಡುವುದು ತಾಂಡೇಲನ ಕೆಲಸ, ಯಾಕೆ ಎಂದು ಕೇಳುವುದು ದಡ ಮುಟ್ಟಿದ ಮೇಲೆ. ನಮ್ಮ ಮಗ ಹರೀಶನಿಗೆ ಇದು ನಾಚಿಕೆ. ಗಾಡಿ ಮಾರಿ ಮನೆಯಲ್ಲಿ ಕೂತಿರಿ ಎಂದು ಹೇಳುತ್ತಲೇ ಇರುತ್ತಾನೆ. ಕೂತು ಎಂತ ಮಾಡುವುದು, ನೊಣ ಹೊಡೆಯುವುದೇ ಎಂದು ನಾನು ಕೇಳಿರುತ್ತೇನೆ.

ಈ ದಿನ ಬೆಳಿಗ್ಗೆ ಸುಮಾರು 10-15ಕ್ಕೆ ಕಾಯ್ಕಿಣಿ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ನಾವು ಅದರ ಬಲಗಡೆಯಿಂದ ನಿಧಾನ ಮುಂದೆ ಹೋಗುತ್ತಿದ್ದೆವು. ಹಿಂದೆ ಬಿಳಿ ಕಾರೊಂದು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು. ಬಸ್ಸಿನ ಅಡಿಯಿಂದ, ಮುಂದಿನ ಚಕ್ರದ ಆಚೆ, ಓಡಿ ಬರುವ ಎರಡು ಕಾಲು ನನಗೆ ಕಂಡವು. "ತಡೀ!" ಎಂದು ಕೂಗಿದೆನು. ಗಂಡ ಯಾಕೆಂದು ಕೇಳಲಿಲ್ಲ, ಬ್ರೇಕ್ ಒತ್ತಿದರು. ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಸ್ಸಿನ ಮುಂದಿನಿಂದ ಬಂದು, ನಮ್ಮ ಗಾಡಿಗೆ ಒಂದು ಮೊಳ ದೂರದಲ್ಲಿ ರಸ್ತೆ ದಾಟಿದಳು. ಅಷ್ಟರಲ್ಲಿ ಕಾರು ಹಿಂದಿನಿಂದ ಗುದ್ದಿತು. ಬುಟ್ಟಿಯ ಬಂಗುಡೆಯೆಲ್ಲ ನನ್ನ ಬೆನ್ನಿಗೆ ಬಂತು. ಯಾರಿಗೂ ಪೆಟ್ಟಾಗಿರುವುದಿಲ್ಲ.

ಕಾರಿನವನು ಇಳಿದು ಬಂದು, ರಸ್ತೆಯಲ್ಲಿ ಏನೂ ಇರಲಿಲ್ಲ, ಮುದುಕನಿಗೆ ಕಣ್ಣು ಕಾಣುವುದಿಲ್ಲ, ಲೈಸನ್ಸ್ ತೆಗೆಸುತ್ತೇನೆ ಎಂದನು. ಅಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು, ಹೆಂಗಸೂ ಇರಲಿಲ್ಲ. ಅವನು ದೂರು ಕೊಟ್ಟದ್ದರಿಂದ ಠಾಣೆಯವರು ಗಾಡಿಯ ಕೀ ಇಟ್ಟುಕೊಂಡರು. ಹರೀಶ ಠಾಣೆಗೆ ಬಂದವನೇ, "ಆತಲ್ಲ ಅಪ್ಪ, ಇನ್ನಾದ್ರೂ ಬಿಡು" ಎಂದನು. ನನ್ನ ಗಂಡ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು. ಬಿರುಗಾಳಿಯಲ್ಲಿ ದೋಣಿ ತಂದ ಮನುಷ್ಯ ಹಾಗೆ ಕೂತದ್ದನ್ನು ನನಗೆ ನೋಡಲಾಗಲಿಲ್ಲ.

ಮಧ್ಯಾಹ್ನ 3 ಗಂಟೆಗೆ ಆ ಹೆಂಗಸು, ಕಲ್ಪನಾ ಎಂಬವರು, ನಿಲ್ದಾಣದ ಅಂಗಡಿಯವರಿಂದ ಸುದ್ದಿ ತಿಳಿದು ತಾವಾಗಿಯೇ ಠಾಣೆಗೆ ಬಂದರು. ಮಗುವಿಗೆ ಜ್ವರ ಏರಿತ್ತು, ದವಾಖಾನೆಗೆ ಓಡುವಾಗ ಬಲಕ್ಕೆ ನೋಡಲಿಲ್ಲ, ಈ ಅಜ್ಜ ನಿಲ್ಲಿಸದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದರು. ಆಗ ಕಾರಿನವನು ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದನು. ಬೇಡ, ಅದು ಬರೆದದ್ದು ಹಾಗೇ ಇರಲಿ, ಅದರ ಕೆಳಗೆ ನನ್ನದೂ ಬರೆಯಿರಿ ಎಂದು ನಾನೇ ಹೇಳಿ ಇದನ್ನು ಬರೆಸುತ್ತಿದ್ದೇನೆ.

ಸಾಹೇಬರು ಕೀಯನ್ನು ಹರೀಶನ ಕೈಗೆ ಕೊಟ್ಟರು. ಅವನು ಅದನ್ನು ಅಪ್ಪನ ಕೈಯಲ್ಲಿಟ್ಟು, "ನೀನೇ ಹೊಡಿ. ನಾ ಎಡಬದಿಗೆ ಕೂತ್ಕಂಡು ಕೂಗ್ತೆ" ಎಂದನು. ಅದು ನನ್ನ ಜಾಗ, ನೀನು ಹಿಂದೆ ಮೀನಿನ ಹತ್ತಿರ ಕೂರು ಎಂದು ಅವನಿಗೆ ಹೇಳಿರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಒಂದು ಮಾತೂ ಸುಳ್ಳಲ್ಲ.

ಸ್ಥಳ: ಮುರ್ಡೇಶ್ವರ
ದಿನಾಂಕ: 12-11-2024
ಸಹಿ: ಮಾಸ್ತಮ್ಮ ಭಾಸ್ಕರ ಮೊಗೇರ