ಕೊನೇ ಎಪಿಸೋಡಿನ ಸಬ್‌ಟೈಟಲ್

ಪದ್ಮನಾಭನಗರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಹುಡುಗಿಯರು ನಿಂತಿದ್ದರು. ಜಪಾನಿನ ಸೂಪರ್‌ಹೀರೋ ಸೀರಿಯಲ್ಲೊಂದರ ಬಗ್ಗೆ ಮಾತು. ಅದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವವಳು ಸ್ಪಂದನಾ, ಕೇಳುತ್ತಿದ್ದವಳು ಅನ್ನಪೂರ್ಣ ಎಂದು ಅವರ ಮಾತಿನಲ್ಲೇ ತಿಳಿಯಿತು.

“ಈ ಸೀಸನ್ ಹೇಗಿದ್ಯೇ?” ಎಂದಳು ಅನ್ನಪೂರ್ಣ.

“ಫೈಟೆಲ್ಲ ಸಖತ್ತಾಗಿದೆ. ಹಳದಿ ಡ್ರೆಸ್ಸಿನ ಹೀರೋಯಿನ್ ನೋಡೋರನ್ನ ಅಳಿಸಿಬಿಡ್ತಾಳೆ. ಮಧ್ಯೆ ಹತ್ತು ಎಪಿಸೋಡ್ ಮಾತ್ರ ಸುಮ್ನೆ ಎಳ್ದಿದಾರೆ.”

“ವಿಲನ್?”

“ಅವನೇ ವೀಕು. ಯಾರೋ ಅವನ ಹೆಸರು ಅಳಿಸಿದ್ರು ಅಂತ ಊರನ್ನೇ ಸುಡೋಕೆ ಹೊರಡ್ತಾನೆ. ಇಷ್ಟಕ್ಕೆಲ್ಲ ಸೇಡಾ ಅಂತ ನಗ್ತಿದ್ದೆ.”

“ಈಗ?”

“ನಾನು ಬರ್ದಿದ್ದನ್ನ ಅಪ್‌ಲೋಡ್ ಮಾಡೋ ಮೌನೇಶ ಇದುವರೆಗಿನ ನಲವತ್ತೇಳು ಎಪಿಸೋಡಲ್ಲೂ ನನ್ನ ಹೆಸರು ತೆಗೆದು ಅವನದ್ದು ಹಾಕ್ಕೊಂಡಿದಾನೆ ಕಣೇ. ಈಗ ವಿಲನ್ ಅರ್ಥ ಆಗ್ತಾನೆ.”

“ಬೈದ್ಯಾ?”

“ಇಲ್ಲ. ಕೊನೇ ಎಪಿಸೋಡೂ ಬರ್ದು ಕಳಿಸ್ದೆ. ಅವನು ಮೊದಲ್ನೇ ಸಾಲಲ್ಲಿ ಹೆಸರು ಬದಲಾಯಿಸಿ ಅಪ್‌ಲೋಡ್ ಮಾಡ್ತಾನೆ, ಅಷ್ಟೇ. ಮುಂದೆ ಓದಲ್ಲ.”

“ಏನ್ ಬರ್ದೆ?”

“ವಿಲನ್ ಮಂಡಿಯೂರಿ ಕ್ಷಮೆ ಕೇಳ್ತಾನಲ್ಲ, ಅಲ್ಲಿ ‘ನಾನು ಮೌನೇಶ, ಒಂದು ಸಾಲೂ ಬರೆದವನಲ್ಲ, ಎಲ್ಲ ಸ್ಪಂದನಾ ಬರೆದದ್ದು’ ಅಂತ ಹಾಕ್ದೆ.”

“ಅಯ್ಯೋ! ಅಪ್‌ಲೋಡ್ ಆಯ್ತಾ?”

“ಬೆಳಿಗ್ಗೇನೇ. ಆರು ಸಾವಿರ ಜನ ನೋಡಾಯ್ತು.”

ಬನಶಂಕರಿ ಬಸ್ ಬಂತು. ಹತ್ತುತ್ತಾ ಅನ್ನಪೂರ್ಣ ಕೇಳಿದಳು: “ಅವನಿಗೆ ಯಾರೂ ಹೇಳಿಲ್ವೇನೇ?”

“ಕಾಮೆಂಟಲ್ಲಿ ಎಲ್ಲರೂ ಅದನ್ನೇ ಬರೀತಿದಾರೆ,” ಎಂದಳು ಸ್ಪಂದನಾ. “ಅವನು ಓದದೇ ಎಲ್ಲದಕ್ಕೂ ಹಾರ್ಟ್ ಒತ್ತುತ್ತಾ ಇದಾನೆ.”